ಅದ್ ಎಂತದೂ ಮಾಡುದಿಲ್ಲೆ

ನಾಯಿ ಸಾಕಿದವರೆಲ್ಲ ಬಾಯಿಪಾಠ ಮಾಡಿಟ್ಟುಕೊಂಡ ಮಾತೊಂದಿದೆ. ನಮ್ಮ ಬಿಜೂರಿನ ಕಡೆ ಅದು ಕೇಳಿಸುವುದು ಹೀಗೆ: “ಹ್ವಾಯ್, ಹೆದ್ರಬೇಡಿ, ಅದ್ ಎಂತದೂ ಮಾಡುದಿಲ್ಲೆ.” ಈ ಮಾತು ಯಾವಾಗಲೂ ದೂರದಿಂದಲೇ ಬರುತ್ತದೆ. ಹೇಳುವವರು ಜಗಲಿಯ ಆರಾಮ ಕುರ್ಚಿಯಲ್ಲಿರುತ್ತಾರೆ, ಕೇಳುವವರು ದಣಪೆಯ ಹತ್ತಿರ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿರುತ್ತಾರೆ. ನಾಯಿ ಆಗಲೇ ಅಂಗಳ ದಾಟಿರುತ್ತದೆ. ನಮ್ಮ ದೊಡ್ಡಪ್ಪಯ್ಯ ಇದಕ್ಕೆ ಕೊಡುವ ಉತ್ತರ ಒಂದೇ: “ಅದ್ ಎಂತದೂ ಮಾಡುದಿಲ್ಲೆ, ಸರಿ. ನೀವ್ ಎಂತ ಮಾಡ್ತ್ರಿ?”

ಕಚ್ಚುವ ನಾಯಿಗಳ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಅವುಗಳ ಯಜಮಾನರು ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಎಂದು ಬೋರ್ಡು ಹಾಕಿಸುತ್ತಾರೆ, ಅಂಚೆಯವರು ಹೊರಗಿನಿಂದಲೇ ಕೂಗುತ್ತಾರೆ, ಚಂದಾ ಕೇಳುವವರು ಮುಂದಿನ ಮನೆಗೆ ಹೋಗುತ್ತಾರೆ. ವ್ಯವಹಾರ ಸ್ವಚ್ಛ. ಕಷ್ಟವಿರುವುದು ಪ್ರೀತಿಯ ನಾಯಿಗಳದ್ದು. ‘ಪ್ರೀತಿಯ ನಾಯಿ ಇದೆ, ಎಚ್ಚರಿಕೆ’ ಎಂದು ಈವರೆಗೆ ಯಾರೂ ಬೋರ್ಡು ಬರೆಸಿಲ್ಲ. ಮೂವತ್ತು ಕಿಲೋ ತೂಕದ ಪ್ರೀತಿ ಓಡಿ ಬಂದು ಎದೆಗೆ ಹಾರಿದರೆ ಮನುಷ್ಯ ಬೀಳುವುದಂತೂ ಖಂಡಿತ. ಬಿದ್ದವನಿಗೆ ಅದು ಸಿಟ್ಟಿನ ನಾಯಿಯೋ ಅಕ್ಕರೆಯ ನಾಯಿಯೋ ಎಂಬ ವ್ಯತ್ಯಾಸ ಸೊಂಟಕ್ಕೆ ಎಣ್ಣೆ ತಿಕ್ಕುವಾಗ ಅಷ್ಟಾಗಿ ತಿಳಿಯುವುದಿಲ್ಲ.

ಹಿಂದೆ ನಮ್ಮೂರಲ್ಲಿ ಈ ಹೊಣೆಗಾರಿಕೆಯ ಪ್ರಶ್ನೆಯೇ ಇರಲಿಲ್ಲ. ನಾಯಿಗಳಿದ್ದವು, ಯಜಮಾನರಿರಲಿಲ್ಲ. ಒಂದು ನಾಯಿ ಬೆಳಿಗ್ಗೆ ಒಂದು ಮನೆಯ ಗಂಜಿ, ಮಧ್ಯಾಹ್ನ ಇನ್ನೊಂದು ಮನೆಯ ಮೀನಿನ ಮುಳ್ಳು ತಿಂದು, ರಾತ್ರಿ ಮೂರನೆಯ ಮನೆಯ ಜಗಲಿಯಲ್ಲಿ ಮಲಗುತ್ತಿತ್ತು. ಹಾಡಿಯ ಕಡೆಯಿಂದ ಚಿರತೆ ಬಂದರೆ ಮೊದಲು ಕೂಗುವುದೂ ಅದೇ, ಮೊದಲು ಕಾಣೆಯಾಗುವುದೂ ಅದೇ. ಕಳ್ಳನನ್ನು ಓಡಿಸಿದ ಮರುದಿನ ಅದು “ನಮ್ ನಾಯಿ.” ಪಕ್ಕದ ಮನೆಯ ಕೋಳಿಮರಿಯನ್ನು ಆಟಕ್ಕೆಂದು ಎತ್ತಿ, ಆಟ ಮುಗಿಯುವಷ್ಟರಲ್ಲಿ ಮರಿಯೂ ಮುಗಿದುಹೋದ ದಿನ ಅದು “ಊರ್ ನಾಯಿ ಮಾರಾಯ್ರೆ, ನಮ್ದಲ್ಲ.”

ಒಮ್ಮೆ ಹರಕೆ ಬಯಲಾಟದ ನಡುರಾತ್ರಿ ಕರಿನಾಯಿಯೊಂದು ರಂಗಸ್ಥಳಕ್ಕೇ ಹತ್ತಿಬಿಟ್ಟಿತು. ಬಣ್ಣದ ವೇಷದ ಕಾಲ್ಗೆಜ್ಜೆಯನ್ನು ಮೂಸಿ ನೋಡಿ, ಗೊಂಡೆಯೊಂದನ್ನು ಕಚ್ಚಿ ಎಳೆದಾಡತೊಡಗಿತು. ರಾಕ್ಷಸ ಒಂದೇ ಕಾಲಿನಲ್ಲಿ ಕುಣಿಯುವ ಸ್ಥಿತಿ ಬಂತು. ಭಾಗವತರು ಪದ ನಿಲ್ಲಿಸಲಿಲ್ಲ, ಮದ್ದಳೆಯೂ ನಿಲ್ಲಲಿಲ್ಲ. ಹಾಸ್ಯಗಾರರು ಮುಂದೆ ಬಂದು ಗಂಭೀರವಾಗಿ ಕೇಳಿದರು: “ಈ ದೂತ ಯಾರ ಕಡೆಯಿಂದ ಬಂದವನು?” ಸಭೆಗೆ ಸಭೆಯೇ ನಕ್ಕಿತು. ಆ ನಾಯಿಗೆ ದಿನವೂ ಅನ್ನ ಹಾಕುತ್ತಿದ್ದವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಅಷ್ಟು ಹೊತ್ತೂ ಅವರು ತಮ್ಮ ಚಪ್ಪಲಿಯ ಬಾರನ್ನು ಪರೀಕ್ಷಿಸುತ್ತಿದ್ದರು.

ಈಗ ಕಾಲ ಬದಲಾಗಿದೆ. ಬೈಂದೂರು ತಾಲೂಕು ಕೇಂದ್ರವಾಯಿತು, ಹೆದ್ದಾರಿ ಚತುಷ್ಪಥವಾಯಿತು, ನಾಯಿಗಳಿಗೆ ಯಜಮಾನರು ಸಿಕ್ಕಿದರು. 2022ರ ಜೂನ್‌ನಲ್ಲಿ ‘777 ಚಾರ್ಲಿ’ ಬಂತಲ್ಲ, ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿ ಉಡುಪಿಯ ರಕ್ಷಿತ್ ಶೆಟ್ಟಿ ನಟಿಸಿದ ಚಿತ್ರ, ಅದನ್ನು ನೋಡಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಕಣ್ಣೀರು ಒರೆಸಿಕೊಂಡರು. ಮುಖ್ಯಮಂತ್ರಿಗಳು ಅತ್ತ ಮೇಲೆ ಪ್ರಜೆಗಳು ಸುಮ್ಮನಿರುವುದುಂಟೇ? ಅತ್ತವರಲ್ಲಿ ಕೆಲವರು ಲ್ಯಾಬ್ರಡಾರ್ ಮರಿ ತಂದರು, ತಂದವರು ಅದಕ್ಕೆ ಚಾರ್ಲಿ ಎಂದೇ ಹೆಸರಿಟ್ಟರು. ನಮ್ಮ ಮನೆಯ ಹಿಂದಿನ ಓಣಿಗೂ ಒಂದು ಚಾರ್ಲಿ ಬಂತು. ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನ ಮಾಳಿಗೆಯಲ್ಲಿ ಕೂತು ಮಾಡುವ ಮಾಣಿಯೊಬ್ಬ ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕರೆತಂದ.

ಚಾರ್ಲಿ ಒಳ್ಳೆಯ ನಾಯಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಅವಕಾಶ ಸಿಗಲಿಕ್ಕಿಲ್ಲ. ಲ್ಯಾಬ್ರಡಾರ್‌ಗಳ ಪೂರ್ವಿಕರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಮೀನುಗಾರರ ಜೊತೆಗಿದ್ದ ನೀರುನಾಯಿಗಳಂತೆ. ಬಲೆ ಎಳೆಯುವುದು, ತಪ್ಪಿಸಿಕೊಂಡ ಮೀನನ್ನು ಹಿಡಿದು ತರುವುದು ಅವುಗಳ ಕೆಲಸ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಮೀನ್ದಾರರು ಅವನ್ನು ಒಯ್ದು, ಗುಂಡೇಟು ತಿಂದು ಬಿದ್ದ ಬಾತುಕೋಳಿಯನ್ನು ಗರಿ ಮುಕ್ಕಾಗದಂತೆ ಬಾಯಲ್ಲಿ ತಂದೊಪ್ಪಿಸುವುದನ್ನು ಕಲಿಸಿದರು. ಅಂದರೆ ಕುಲಕಸುಬಿನ ಲೆಕ್ಕದಲ್ಲಿ ನಮ್ಮ ಚಾರ್ಲಿ ಇರಬೇಕಾದದ್ದು ಕೊಡೇರಿ ಬಂದರಿನಲ್ಲಿ. ಅದು ಬಿಟ್ಟು ಮಾಳಿಗೆಯಲ್ಲಿ ಲ್ಯಾಪ್‌ಟಾಪಿನ ಕೆಳಗೆ ಇಡೀ ದಿನ ಮಲಗಬೇಕು. ಸಂಜೆ ಐದಕ್ಕೆ ಬಿಟ್ಟರೆ ಅದು ತನ್ನ ವಂಶದ ಎಲ್ಲ ಕಸುಬನ್ನೂ ಒಂದು ಗಂಟೆಯೊಳಗೆ ಮಾಡಿ ಮುಗಿಸಲು ನೋಡುತ್ತದೆ. ತಪ್ಪು ಅದರದ್ದೆಂದು ನಾನು ಹೇಳಲಾರೆ.

ಮೊದಲ ಪ್ರಕರಣ ಹಪ್ಪಳದ್ದು.

ಹಲಸಿನ ಹಪ್ಪಳ ಮಾಡಿದವರಿಗೆ ಗೊತ್ತು, ಅದು ಒಬ್ಬರಿಂದಾಗುವ ಕೆಲಸವಲ್ಲ. ಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು. ಕೈಗೆ ಎಣ್ಣೆ ಹಚ್ಚಿಕೊಂಡು ಮೇಣ ಒರೆಸಿ, ತೊಳೆ ಬಿಡಿಸಿ, ಬೀಜ ತೆಗೆದು, ಬೇಯಿಸಿ, ಉಪ್ಪು ಖಾರ ಹಾಕಿ ಕಡೆದು, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ, ಚಾಪೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಇದಾಗಬೇಕು. ಮೊದಲ ಮಳೆ ಬಂದರೆ ಮುಗಿಯಿತು. ಕಾಗೆಗೆಂದು ಹಳೆಯ ಕೊಡೆಯೊಂದನ್ನು ಬಿಚ್ಚಿ ನಿಲ್ಲಿಸಿರುತ್ತಾರೆ. ಲ್ಯಾಬ್ರಡಾರ್‌ಗೆ ಏನು ನಿಲ್ಲಿಸಬೇಕೆಂದು ನಮ್ಮ ಹಿರಿಯರು ಹೇಳಿಕೊಟ್ಟಿಲ್ಲ.

ನಮ್ಮ ಅತ್ತೆ ಕೊನೆಯ ಹಪ್ಪಳ ಹರಡಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಹಸಿರು ಚೆಂಡೊಂದು ಬೇಲಿ ದಾಟಿ ಬಂತು. ಅದರ ಹಿಂದೆ ಚಾರ್ಲಿ. ಚೆಂಡು ಚಾಪೆಯ ಆಚೆ ಬಿದ್ದಿತ್ತು, ಚಾರ್ಲಿ ಚಾಪೆಯ ಈಚೆಗಿತ್ತು; ಸುತ್ತು ಹಾಕಿ ಹೋಗುವ ಪದ್ಧತಿ ಅದಕ್ಕಿಲ್ಲ. ಒಂದು ಸಲ ಆ ಕಡೆ, ಚೆಂಡು ಸಿಕ್ಕಿದ ಸಂತೋಷಕ್ಕೆ ಈ ಕಡೆ, ಅತ್ತೆ ಕೈ ಬೀಸಿ ಕೂಗಿದ್ದನ್ನು ಆಟಕ್ಕೆ ಕರೆದದ್ದೆಂದು ತಿಳಿದು ಮತ್ತೊಂದು ಸಲ ಉದ್ದಕ್ಕೆ. ಹಸಿ ಹಪ್ಪಳಗಳಲ್ಲಿ ಕೆಲವು ಅದರ ಪಾದಕ್ಕೆ ಅಂಟಿಕೊಂಡು ಹೋದವು. ಉಳಿದವುಗಳ ಮೇಲೆ ನಾಲ್ಕು ಬೆರಳು, ಒಂದು ಅಂಗಾಲು ಅಚ್ಚುಕಟ್ಟಾಗಿ ಮೂಡಿದ್ದವು. ಅತ್ತೆ ಒಂದನ್ನು ಕೈಗೆತ್ತಿಕೊಂಡು ಬಿಸಿಲಿಗೆ ಹಿಡಿದು ನೋಡಿ, “ಒಂದೊಂದ್ಕೂ ಸೀಲ್ ಹಾಕಿ ಹೋಯ್ತ್ ಕಾಣಿ” ಎಂದರು.

ಮಾಣಿ ಬೇಲಿಯಾಚೆ ನಿಂತಿದ್ದ. ಕೈಯಲ್ಲಿ ಫೋನು, ಮುಖದಲ್ಲಿ ನಗು. “ಅಮ್ಮಾ, ಅದ್ಕೆ ಗೊತ್ತಾತಿಲ್ಲೆ, ಪಾಪ, ಆಟ ಆಡುದ್” ಎಂದ. ಆಮೇಲೆ ನಾಯಿಯ ಕಡೆ ತಿರುಗಿ, ತಲೆ ಸವರಿ, “ಇಟ್ಸ್ ಓಕೆ ಚಾರ್ಲಿ, ಇಟ್ಸ್ ಓಕೆ” ಎಂದು ಸಮಾಧಾನ ಹೇಳಿದ. ಅತ್ತೆಗೆ ಹಪ್ಪಳ ಹೋದದ್ದಕ್ಕಿಂತ ಹೆಚ್ಚು ಉರಿದದ್ದು ಇದಕ್ಕೆ. ಹಪ್ಪಳ ಅವರದ್ದು, ಸೊಂಟ ಅವರದ್ದು. ಕ್ಷಮೆ ಮಾತ್ರ ಅವರನ್ನು ಕೇಳದೆಯೇ ಮಂಜೂರಾಗಿ ಹೋಗಿತ್ತು.

ನನಗೆ ಕಾಣುವಂತೆ ವಿಷಯದ ಗಂಟು ಇರುವುದೇ ಇಲ್ಲಿ. ಐಸಾಕ್ ನ್ಯೂಟನ್‌ನ ಡೈಮಂಡ್ ಎಂಬ ನಾಯಿ ಮೋಂಬತ್ತಿ ಉರುಳಿಸಿ ಅವನ ವರ್ಷಗಟ್ಟಲೆ ದುಡಿಮೆಯ ಕಾಗದಗಳನ್ನು ಸುಟ್ಟಿತೆಂದೂ, ಅವನು ಅದನ್ನು ಹೊಡೆಯದೆ ಮರುಗಿದನೆಂದೂ ಒಂದು ಕಥೆಯಿದೆ. ಕಟ್ಟುಕಥೆ ಇರಬೇಕೆಂದೇ ತಿಳಿದವರು ಹೇಳುತ್ತಾರೆ. ಆದರೆ ಜಾನ್ ಸ್ಟೈನ್‌ಬೆಕ್‌ನದ್ದು ನಡೆದದ್ದೇ. 1936ರಲ್ಲಿ ಅವನ ಟೋಬಿ ಎಂಬ ಸೆಟ್ಟರ್ ಮರಿ, ‘ಆಫ್ ಮೈಸ್ ಅಂಡ್ ಮೆನ್’ ಕಾದಂಬರಿಯ ಹಸ್ತಪ್ರತಿಯಲ್ಲಿ ಅರ್ಧದಷ್ಟನ್ನು ಹರಿದು ಹಾಕಿತು, ಎರಡು ತಿಂಗಳ ಕೆಲಸ ಮಣ್ಣುಪಾಲಾಯಿತು. ಬಡ ಪ್ರಾಣಿ ವಿಮರ್ಶೆ ಮಾಡಿರಬಹುದೆಂದು ಹೇಳಿ ಅವನು ಮತ್ತೆ ಬರೆಯಲು ಕೂತ. ದೊಡ್ಡ ಮನಸ್ಸು, ಒಪ್ಪಿದೆ. ಆದರೆ ಸುಟ್ಟದ್ದೂ ಹರಿದದ್ದೂ ಅವರವರದ್ದೇ ಕಾಗದ. ಟೋಬಿ ಬೇಲಿ ಹಾರಿ ಹೋಗಿ ಪಕ್ಕದ ಮನೆಯವರ ಹಸ್ತಪ್ರತಿ ಹರಿದಿದ್ದರೆ, “ವಿಮರ್ಶೆ ಮಾಡಿತು ಪಾಪ” ಎನ್ನುವ ಅಧಿಕಾರ ಸ್ಟೈನ್‌ಬೆಕ್‌ಗೆ ಇರುತ್ತಿರಲಿಲ್ಲ. ಅದನ್ನು ಹೇಳಬೇಕಾದವನು ಪಕ್ಕದ ಮನೆಯವನು. ಅವನು ಹೇಳದಿದ್ದರೆ ಕಾಗದದ ದುಡ್ಡಾದರೂ ಕೊಡಬೇಕು.

ನಾವು ಚಿಕ್ಕವರಿದ್ದಾಗ ಕೆಳಮನೆಯಲ್ಲಿ ಒಬ್ಬರು ಅಮ್ಮಮ್ಮ ಇದ್ದರು. ಊರಿಗೆಲ್ಲ ಊರ ನಾಯಿಗಳಿದ್ದ ಕಾಲದಲ್ಲೂ ತನ್ನದು ತನ್ನದೇ ಎಂದು ಒಪ್ಪಿಕೊಂಡಿದ್ದ ಹೆಂಗಸು. ಅವರ ನಾಯಿ ಒಂದು ಬೆಳಿಗ್ಗೆ ಡೈರಿಗೆ ಹಾಲು ಒಯ್ಯುತ್ತಿದ್ದವರ ಕಾಲಿಗೆ ಸುತ್ತಿಕೊಂಡು ಆಡಿ, ಅವರನ್ನೂ ಕ್ಯಾನನ್ನೂ ಗದ್ದೆಯಂಚಿನಿಂದ ಕೆಳಗುರುಳಿಸಿತು. ಅಮ್ಮಮ್ಮ ಅಯ್ಯೋ ಅನ್ನಲಿಲ್ಲ, ಪಾಪ ಅನ್ನಲಿಲ್ಲ, ನಾಯಿಗೆ ಹೊಡೆಯಲೂ ಇಲ್ಲ. ಎಷ್ಟು ಲೀಟರ್ ಇತ್ತೆಂದು ಮಾತ್ರ ಕೇಳಿದರು. ಸಂಜೆ ತಮ್ಮ ಹಸುವಿನ ಹಾಲು ಕರೆದು, ಸಾಲದ್ದನ್ನು ಇನ್ನೊಂದು ಮನೆಯಿಂದ ಕೊಂಡು, ಅಳತೆ ಸರಿಮಾಡಿ ಅವರ ಮನೆಗೆ ಕಳಿಸಿದರು. ಕ್ಷಮೆ ಕೇಳಿದ್ದು ಕೇಳಿಸಲಿಲ್ಲ. ಹಾಲು ಮಾತ್ರ ಕುತ್ತಿಗೆಯವರೆಗೆ ತುಂಬಿತ್ತು.

ಎರಡನೆಯ ಪ್ರಕರಣಕ್ಕೆ ಬರೋಣ. ಬಿಜೂರಿಗೆ ಕೊಂಕಣ ರೈಲ್ವೆಯ ಪುಟ್ಟ ಸ್ಟೇಷನ್ ಇದೆ. ದೊಡ್ಡ ದೊಡ್ಡ ಗಾಡಿಗಳು ನಮ್ಮನ್ನು ನೋಡಿಯೂ ನೋಡದವರ ಹಾಗೆ ಓಡಿಹೋಗುತ್ತವಾದ್ದರಿಂದ ಆ ರಸ್ತೆ ಸಂಜೆಯ ತಿರುಗಾಟಕ್ಕೆ ಪ್ರಶಸ್ತ. ದೊಡ್ಡಪ್ಪಯ್ಯ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಗೋಳಿಬಜೆಯ ಪೊಟ್ಟಣ ಹಿಡಿದು ಬರುತ್ತಿದ್ದರು. ಎದುರಿನಿಂದ ಮಾಣಿ ಮತ್ತು ಚಾರ್ಲಿ. ಚೈನು ಇತ್ತು, ಇರಲಿಲ್ಲವೆಂದು ಹೇಳುವಂತಿಲ್ಲ. ನಾಯಿಯ ಕುತ್ತಿಗೆಯಲ್ಲಿರಲಿಲ್ಲ, ಮಾಣಿಯ ಕುತ್ತಿಗೆಯಲ್ಲಿ ಶಾಲಿನಂತೆ ಇಳಿಬಿದ್ದಿತ್ತು.

“ಅಜ್ಜಯ್ಯ, ಹೆದ್ರಬೇಡಿ, ಅದ್ ಎಂತದೂ—” ಎನ್ನುವಷ್ಟರಲ್ಲಿ ಚಾರ್ಲಿಯ ಮುಂಗಾಲೆರಡೂ ದೊಡ್ಡಪ್ಪಯ್ಯನ ಹೆಗಲ ಮೇಲಿದ್ದವು. ಅವರು ಗಟ್ಟಿಯಾಗಿ “ಹಚಾ!” ಎಂದರು. ಆ ‘ಹಚಾ’ದ ರಭಸಕ್ಕೆ ಮೇಲಿನ ಹಲ್ಲುಸೆಟ್ಟು ಹಾರಿ ರಸ್ತೆಗೆ ಬಿತ್ತು. ದೊಡ್ಡಪ್ಪಯ್ಯ ಚರಂಡಿಯ ದಂಡೆಯ ಮೇಲೆ ಕೂತರು, ಅಥವಾ ಕೂರಿಸಲ್ಪಟ್ಟರು. ಗೋಳಿಬಜೆಗಳು ಉರುಳಿಕೊಂಡು ಒಂದೊಂದು ದಿಕ್ಕಿಗೆ ಹೋದವು. ಬೇರೆ ಯಾವ ನಾಯಿಯಾದರೂ ಗೋಳಿಬಜೆಗೆ ಬಾಯಿ ಹಾಕುತ್ತಿತ್ತು. ಇದು ಜಾತಿನಾಯಿ. ಹಲ್ಲುಸೆಟ್ಟನ್ನು ಬಾತುಕೋಳಿಯಷ್ಟೇ ನಾಜೂಕಾಗಿ ಎತ್ತಿಕೊಂಡು, ಯಜಮಾನನ ಮುಂದೆ ಹೋಗಿ ಕೂತು, ಬಾಲ ಅಲ್ಲಾಡಿಸಿ, ಅವನ ಕೈಯಲ್ಲಿಟ್ಟಿತು.

ಮಾಣಿ ಅಭ್ಯಾಸಬಲದಿಂದ “ಗುಡ್ ಬಾಯ್!” ಎಂದುಬಿಟ್ಟ.

“ಹಲ್ಲ್ ಯಾರ್ದ್, ಗುಡ್ ಬಾಯ್ ಯಾರಿಗ್?” ಬೊಚ್ಚು ಬಾಯಿಂದ ಬಂದರೂ ಮಾತು ಸ್ಪಷ್ಟವಾಗಿಯೇ ಇತ್ತು.

ಸೆಟ್ಟಿಗೆ ಒಂದು ಗೀರೂ ಆಗಿರಲಿಲ್ಲ, ಗೀರಾದದ್ದು ದೊಡ್ಡಪ್ಪಯ್ಯನ ಮುಂಗೈಗೆ, ಉಗುರು ತಾಗಿ. ಮನೆಗೆ ಬಂದ ಮೇಲೆ ಅತ್ತೆ ಎರಡಕ್ಕೂ ಚಿಕಿತ್ಸೆ ಮಾಡಿದರು. ಕೈಯನ್ನು ಸೋಪು ಹಚ್ಚಿ ನಲ್ಲಿಯ ಕೆಳಗೆ ಚೆನ್ನಾಗಿ ತೊಳೆಸಿದರು. ಇದು ಸರಿಯಾದ ಕ್ರಮ, ನಾಯಿಯ ಹಲ್ಲೋ ಉಗುರೋ ತಾಗಿದರೆ ಹದಿನೈದು ನಿಮಿಷ ಹೀಗೆ ತೊಳೆಯಬೇಕು. ನಾಯಿಯ ಬಾಯಿ ಹೊಕ್ಕ ಹಲ್ಲುಸೆಟ್ಟನ್ನು ಕುದಿಯುವ ನೀರಿಗೆ ಹಾಕಿದರು. ಇದು ಸರಿಯಾದ ಕ್ರಮವಲ್ಲ. ಅಕ್ರಿಲಿಕ್ಕಿನ ಸೆಟ್ಟು ಕುದಿನೀರಿಗೆ ಸೊಟ್ಟಗಾಗುತ್ತದೆ. ಆಯಿತು ಕೂಡ. ಹಾಕಿಕೊಂಡರೆ ದೊಡ್ಡಪ್ಪಯ್ಯ ಒಂದೇ ಕೆನ್ನೆಯಲ್ಲಿ ನಗುತ್ತಿರುವ ಹಾಗೆ ಕಾಣುತ್ತಿದ್ದರು, ಮನಸ್ಸಿನಲ್ಲಿ ನಗುವಿಲ್ಲದಿದ್ದರೂ.

ಈಗ ನಷ್ಟ ಯಾರ ತಲೆಗೆ? ಕೆಡವಿದ್ದು ನಾಯಿ, ಕೆಡಿಸಿದ್ದು ಅತ್ತೆ. ನಮ್ಮ ನೆಂಟರಲ್ಲೊಬ್ಬರು ಕುಂದಾಪುರದಲ್ಲಿ ವಕೀಲರು. ಅವರನ್ನು ಫೋನಿನಲ್ಲಿ ಹಿಡಿದೆವು. ಅವರು ಬಹಳ ಹುರುಪಿನಿಂದ ವಿವರಿಸಿದರು. ಪ್ರಾಣಿ ಸಾಕಿದವನು ಅದರಿಂದ ಮನುಷ್ಯನ ಜೀವಕ್ಕೋ ತೀವ್ರ ಗಾಯಕ್ಕೋ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಅದು ಅಪರಾಧ. 1860ರ ದಂಡಸಂಹಿತೆಯಲ್ಲಿ ಇದಕ್ಕೆ 289ನೇ ಕಲಂ ಇತ್ತು: ಆರು ತಿಂಗಳವರೆಗೆ ಸಜೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಂ 291, ಸಜೆ ಅಷ್ಟೇ, ದಂಡ 5,000ಕ್ಕೆ ಏರಿದೆ. ಮೂಳೆಯೋ ಹಲ್ಲೋ ಮುರಿದರೆ ಕಾನೂನಿನ ಕಣ್ಣಲ್ಲಿ ಅದು ತೀವ್ರ ಗಾಯವೇ.

“ಕಟ್ಟಿಸಿದ್ ಹಲ್ಲೂ ಲೆಕ್ಕಕ್ಕ್ ಬತ್ತಾ?” ದೊಡ್ಡಪ್ಪಯ್ಯ ಕೇಳಿದರು. ವಕೀಲರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಅದು ಹಲ್ಲಲ್ಲ, ಆಸ್ತಿ ಎಂದರು. ಆಸ್ತಿಯಾದರೆ ಸಿವಿಲ್ ದಾವೆ. ಹಪ್ಪಳವೂ ಹಾಗೆಯೇ. ಎರಡನ್ನೂ ಸೇರಿಸಿ ಒಂದೇ ದಾವೆ ಹೂಡಬಹುದೇ ಎಂದು ಅತ್ತೆ ಒಳಗಿನಿಂದ ಕೂಗಿದರು.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ಬಗೆಯ ನಾಯಿಗಳನ್ನು ಅಪಾಯಕಾರಿ ಎಂದು ಪಟ್ಟಿಮಾಡಿ, ಅವುಗಳ ಸಾಕಣೆಗೆ ತಡೆ ಹಾಕಲು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟು ಅದನ್ನು ರದ್ದು ಮಾಡಿತು. ಪಟ್ಟಿ ಉಳಿದಿದ್ದರೂ ನಮ್ಮ ಓಣಿಗೇನೂ ಪ್ರಯೋಜನವಿರಲಿಲ್ಲ; ಲ್ಯಾಬ್ರಡಾರ್ ಅದರಲ್ಲಿ ಇರಲೇ ಇಲ್ಲ. ಜರ್ಮನಿಯಲ್ಲಿರುವ ನಮ್ಮ ಭಾವನ ಮಗ ಹೇಳುವ ಪ್ರಕಾರ ಅಲ್ಲಿ ಜಾತಿ ಕೇಳುವ ಮೊದಲು ಯಜಮಾನ ಯಾರೆಂದು ಕೇಳುತ್ತಾರೆ. ಮನೆಯಲ್ಲಿ ಸಾಕಿದ ನಾಯಿ ಏನೇ ಹಾನಿ ಮಾಡಲಿ, ಯಜಮಾನನ ತಪ್ಪಿರಲಿ ಇಲ್ಲದಿರಲಿ, ಕೊಡಬೇಕಾದವನು ಅವನೇ. ಅಲ್ಲಿನ ಸಿವಿಲ್ ಸಂಹಿತೆಯ 833ನೇ ಕಲಂ. ಬರ್ಲಿನ್, ಹ್ಯಾಂಬರ್ಗ್‌ನಂಥ ಕಡೆ ನಾಯಿಯ ಹೆಸರಲ್ಲಿ ಹೊಣೆಗಾರಿಕೆಯ ವಿಮೆ ಕಡ್ಡಾಯ, ಮೇಲಿಂದ ನಗರಸಭೆಗೆ ನಾಯಿ ತೆರಿಗೆ. ನಮ್ಮಲ್ಲೂ ಕೆಲವು ಕಂಪನಿಗಳ ನಾಯಿ ವಿಮೆಯಲ್ಲಿ ಮೂರನೆಯವರಿಗಾದ ನಷ್ಟ ಸೇರುತ್ತದೆ. ಮಾಡಿಸಿದವರನ್ನು ನಾನಿನ್ನೂ ಕಂಡಿಲ್ಲ.

ಮಹಾಭಾರತ ಓದಿದವರಿಗೆ ಸರಮೆಯ ನೆನಪಿರಬೇಕು. ಜನಮೇಜಯನ ಯಾಗಶಾಲೆಗೆ ಹೋದ ಅವಳ ಮರಿಯನ್ನು ಅರಸನ ತಮ್ಮಂದಿರು ಹೊಡೆದಟ್ಟುತ್ತಾರೆ. ದೇವಲೋಕದ ಆ ನಾಯಿ ನೇರ ಯಾಗಶಾಲೆಗೇ ಬಂದು, ನನ್ನ ಮಗ ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲ, ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಉತ್ತರ ಸಿಗದೆ ಶಪಿಸಿ ಹೋಗುತ್ತಾಳೆ. ಸರಮೆ ಹೇಳಿದ್ದು ನಿಜವಿತ್ತು. ಈಗಿನ ಯಜಮಾನರು ಅವಳ ಮಾತನ್ನಷ್ಟೇ ಕಲಿತಿದ್ದಾರೆ. ಮರಿಯ ಮೀಸೆಗೆ ತುಪ್ಪ ಅಂಟಿರುವಾಗಲೂ “ನಮ್ದ್ ಹಾಂಗೆಲ್ಲ ಮಾಡುದಿಲ್ಲೆ” ಎನ್ನುತ್ತಾರೆ.

ನಮ್ಮ ಪ್ರಕರಣ ಕೋರ್ಟು ಹತ್ತಲಿಲ್ಲ. ಕಾರಣ ಮಾಣಿಯ ತಾಯಿ. ಮದುವೆಯೂಟ ಮುಗಿಸಿ ಮನೆಗೆ ಬಂದವರು ಸುದ್ದಿ ಕೇಳಿ, ಉಟ್ಟ ಪಟ್ಟೆ ಸೀರೆಯನ್ನೂ ಬದಲಿಸದೆ ನಮ್ಮ ಜಗಲಿಗೆ ಬಂದು ಕೂತರು. ಜೊತೆಗೆ ಚಾರ್ಲಿಯ ಲಸಿಕೆ ಕಾರ್ಡು ತಂದಿದ್ದರು. ದೊಡ್ಡಪ್ಪಯ್ಯನ ಆಧಾರ್, ರೇಷನ್ ಕಾರ್ಡು, ಪಿಂಚಣಿ ಪುಸ್ತಕ ಮೂರೂ ಸೇರಿದರೂ ಅಷ್ಟು ಅಚ್ಚುಕಟ್ಟಿಲ್ಲ. ಆದರೂ ಡಾಕ್ಟರ್ ಚುಚ್ಚುಮದ್ದು ಬೇಕೇ ಬೇಕೆಂದರು. ದೊಡ್ಡಪ್ಪಯ್ಯ ನಡುಗಿದ್ದು ಆಗಲೇ. ಅವರ ತಲೆಯಲ್ಲಿದ್ದದ್ದು ಹೊಕ್ಕುಳ ಸುತ್ತ ಚುಚ್ಚುವ ಹದಿನಾಲ್ಕು ಇಂಜೆಕ್ಷನ್. ಕುರಿಯ ಮಿದುಳಿನಿಂದ ತೆಗೆಯುತ್ತಿದ್ದ ಆ ಹಳೆಯ ಮದ್ದು ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತಿದೆ. ಈಗ ತೋಳಿಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ನಾಲ್ಕೂ ಸಲ ಮಾಣಿಯೇ ಕಾರಿನಲ್ಲಿ ಕರೆದುಕೊಂಡು ಹೋದ. ಹೊಸ ಹಲ್ಲುಸೆಟ್ಟಿನ ದುಡ್ಡನ್ನು ಅವನ ತಾಯಿ ಕೊಟ್ಟರು. ಕುದಿಸಿದ ಪಾಲು ನಮ್ಮದೂ ಇದೆಯೆಂದು ದೊಡ್ಡಪ್ಪಯ್ಯ ಅರ್ಧ ಹಿಂದೆ ಕೊಡಲು ಹೋದರೆ, ಅವರು ತೆಗೆದುಕೊಳ್ಳಲಿಲ್ಲ.

ಚಾರ್ಲಿಯ ಚೈನು ಈಗ ಚಾರ್ಲಿಯ ಕುತ್ತಿಗೆಯಲ್ಲೇ ಇದೆ. ಆ ತುದಿಯಲ್ಲಿ ನಾಯಿ, ಈ ತುದಿಯಲ್ಲಿ ಮಾಣಿ. ಯಾರು ಯಾರನ್ನು ತಿರುಗಾಡಿಸುತ್ತಿದ್ದಾರೆಂದು ಹೇಳುವುದು ಕಷ್ಟ. ಹೋದ ವಾರ ಅವನೇ ಒಂದು ಸಲ ತೋಡಿಗೆ ಬಿದ್ದ. “ಅದ್ ಎಂತದೂ ಮಾಡುದಿಲ್ಲೆ ಮಾಣಿ, ಏಳ್” ಎಂದು ದೊಡ್ಡಪ್ಪಯ್ಯ ಹೊಸ ಹಲ್ಲಿನಲ್ಲಿ ಧೈರ್ಯ ಹೇಳಿದರು.

ಹಪ್ಪಳದ ಲೆಕ್ಕ ಮಾತ್ರ ಚುಕ್ತಾ ಆಗಿಲ್ಲ. ಅತ್ತೆಗೆ ದುಡ್ಡು ಬೇಡ. ಮಾಣಿ ಬಂದು ಒಂದು ದಿನ ತೊಳೆ ಬಿಡಿಸಿ ಕೊಡಬೇಕಂತೆ, ಕೈಗೆ ಮೇಣ ಅಂಟಿಸಿಕೊಂಡು. ಅವನು ಮೀಟಿಂಗ್ ಇದೆ ಎನ್ನುತ್ತಾ ಮುಂದೂಡುತ್ತಿದ್ದಾನೆ. ರಜೆಯಲ್ಲಿ ನಾಯಿ ಕಟ್ಟಿಕೊಂಡು ನಮ್ಮೂರಿಗೆ ಬರುವವರಲ್ಲಿ ನನ್ನದೊಂದು ವಿನಂತಿ: ಚೈನು ತನ್ನಿ, ಲಸಿಕೆ ಕಾರ್ಡು ತನ್ನಿ, ಏನಾದರೂ ಆದರೆ ಆ ದಿನವೇ ಆ ಮನೆಯ ಜಗಲಿಗೆ ಹೋಗಿ ಕೂತುಕೊಳ್ಳಿ. ನಾಯಿಯನ್ನು ಸಮಾಧಾನ ಮಾಡುವುದು ಆಮೇಲೆ ಆಗುತ್ತದೆ.